ಮಾವನವರ ಕಾಫಿ ಲೋಟ

ಧಾರಾವಾಹಿ ಶೂಟಿಂಗಿಗೆ ಬಾಡಿಗೆ ಕೊಟ್ಟ ಮನೆಯ ಫ್ರಿಜ್ಜಿನಲ್ಲಿ ಹಾಲು ಒಡೆದರೆ ಬೈಸಿಕೊಳ್ಳುವವರು ಯಾರು? ಡೈರೆಕ್ಟರ್ ಅಲ್ಲ, ಸೌಂಡಿನವರಂತೂ ಅಲ್ಲವೇ ಅಲ್ಲ. ಮೊನ್ನೆ ಮೊನ್ನೆ ಡೈರೆಕ್ಷನ್ ತಂಡ ಸೇರಿದ ಟ್ರೇನಿ. ಫ್ರಿಜ್ಜಿನ ಗುಂಯ್ ಶಬ್ದ ಮೈಕಿಗೆ ಬೀಳುತ್ತೆ, ಆಫ್ ಮಾಡು ಎಂದು ಬೆಳಗ್ಗೆ ಕೂಗಲು ಹತ್ತು ಜನ. ಪ್ಯಾಕಪ್ ಆದಮೇಲೆ ಆನ್ ಮಾಡು ಎನ್ನಲು ಒಬ್ಬರೂ ಇಲ್ಲ! ಇದಕ್ಕೆ ಹಳಬರದು ಒಂದೇ ಮದ್ದು: ಸ್ವಿಚ್ ಆಫ್ ಮಾಡಿದ ಕೂಡಲೇ ನಿಮ್ಮ ಬೈಕ್ ಕೀಯನ್ನು ಆ ಫ್ರಿಜ್ಜಿನೊಳಗೇ ಇಡಿ. ರಾಜರಾಜೇಶ್ವರಿ ನಗರದಿಂದ ರಾತ್ರಿ ಹತ್ತಕ್ಕೆ ಕೀ ಇಲ್ಲದೆ ಹೊರಡುವವರು ಯಾರೂ ಇಲ್ಲ.

ಗೋಡೆ ಗಡಿಯಾರದ ಶೆಲ್ಲನ್ನೂ ತೆಗೆಯಬೇಕು. ಟಿಕ್ ಟಿಕ್ ನಿಲ್ಲುತ್ತೆ, ಶಾಟಿನಿಂದ ಶಾಟಿಗೆ ಮುಳ್ಳು ಹಾರುವುದೂ ತಪ್ಪುತ್ತೆ. ರಾತ್ರಿ ಸೀನಿಗೆ ಮುಳ್ಳು ತಿರುಗಿಸಲು ಮರೆತರೆ ಮಾತ್ರ ಸಂಜೆ ನಾಲ್ಕಕ್ಕೇ ಆ ಮನೆಯವರು ಊಟ ಮುಗಿಸಿ ಮಲಗುತ್ತಾರೆ.

ಕ್ಲ್ಯಾಪ್ ಹೊಡೆಯೋದೇನು ಮಹಾ ಎನ್ನುವವರು ಒಮ್ಮೆ ಹೊಡೆದು ನೋಡಲಿ. ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್ ಹಿಡಿಯುತ್ತದೆ. ಕ್ಲ್ಯಾಪ್ ಹಲಗೆಯ ಪಟ್ಟಿಗಳೆರಡೂ ಕೂಡಿದ ಆ ಒಂದು ಫ್ರೇಮಿಗೆ ‘ಟಕ್’ ಶಬ್ದವನ್ನು ಕೂಡಿಸಿ ಎಡಿಟರ್ ಮಾತಿಗೂ ತುಟಿಗೂ ಜೋಡಿ ಮಾಡುತ್ತಾರೆ. ಸೀನ್ ನಂಬರ್ ಕೂಗುತ್ತಲೇ ಹೊಡೆದರೆ ನಿಮ್ಮ ಕೂಗಿನಲ್ಲಿ ಟಕ್ ಮುಳುಗುತ್ತದೆ. ಕ್ಲೋಸಪ್ಪಿನಲ್ಲಿ ಮೆಲ್ಲಗೆ ಹೊಡೆಯಬೇಕು. ಗ್ಲಿಸರಿನ್ ಹಾಕಿಕೊಂಡು ಸೊಸೆ ಕಷ್ಟಪಟ್ಟು ತಂದ ದುಃಖ, ಮೂಗಿನ ಮುಂದೆ ಟಪ್ಪೆಂದರೆ ಬಂದ ದಾರಿಯಲ್ಲೇ ವಾಪಸ್.

ಇದೆಲ್ಲ ವಾರದಲ್ಲಿ ಕಲಿಯಬಹುದು. ಆದರೆ ಪ್ರತಿ ಸೆಟ್ಟಿನಲ್ಲೂ ಒಬ್ಬ ಮಾವನವರಿರುತ್ತಾರೆ, ಅವರಿಗೆ ಕಾಫಿಯೆಂದರೆ ಪ್ರಾಣ. ಒಂದೇ ಮಾತನ್ನು ಮಾಸ್ಟರ್ (ಎಲ್ಲರೂ ಕಾಣುವಂತೆ), ಸಜೆಶನ್ (ಎದುರಿನವರ ಭುಜದಾಚೆಯಿಂದ), ಕ್ಲೋಸ್ (ಮುಖ ಹತ್ತಿರದಿಂದ) ಎಂದು ಕನಿಷ್ಠ ಮೂರು ಸಲ ತೆಗೆಯುತ್ತಾರೆ. ‘ಈ ಮನೇಲಿ’ ಎನ್ನುವಾಗ ಲೋಟ ಎತ್ತಿ, ‘ನನ್ನ ಮಾತಿಗೆ’ ಎಂದಮೇಲೆ ಒಂದು ಗುಟುಕು ಕುಡಿದು, ‘ಬೆಲೆನೇ ಇಲ್ವಾ?’ ಎಂದು ಕುಕ್ಕಿದರೆ, ಮೂರರಲ್ಲೂ ಅದೇ ಕೈ, ಅದೇ ಪದ, ಲೋಟದಲ್ಲಿ ಅಷ್ಟೇ ಕಾಫಿ ಇರಬೇಕು, ಇದೇ ಕಂಟಿನ್ಯುಟಿ. ಮಾವನವರು ರಿಹರ್ಸಲ್ಲಿನಲ್ಲೇ ಲೋಟ ಖಾಲಿ ಮಾಡಿ, ‘ಸಕ್ಕರೆ ಒಂಚೂರು ಮುಂದಾಯ್ತು ಮರಿ’ ಎನ್ನುತ್ತಾರೆ. ಎರಡನೇ ಲೋಟ ಬರುತ್ತದೆ. ಮಾಸ್ಟರಿನಲ್ಲಿ ಬಲಗೈ, ಸಜೆಶನ್ನಿನಲ್ಲಿ, ಬಿಸಿ ಇತ್ತಲ್ಲ, ಎಡಗೈ. ಮೂರನೆಯದಕ್ಕೆ ಲೋಟವೇ ಇಲ್ಲ: ಲೈಟ್ ಬದಲಿಸುವಷ್ಟರಲ್ಲಿ ವರಾಂಡಕ್ಕೆ ಒಯ್ದು ಆರಾಮಾಗಿ ಹೀರುತ್ತಾ ಕೂತಿದ್ದಾರೆ. ‘ಕಂಟಿನ್ಯುಟಿ ಯಾರ್ರೀ ನೋಡ್ತಿರೋದು?’ ಎಂಬ ಗುಡುಗು ಬೀಳುವುದು ಮಾತ್ರ ಟ್ರೇನಿಯ ಮೇಲೆ. ಹಿರಿಯರ ಕೈಯಿಂದ ಲೋಟ ಕಸಿಯುವುದು ಹೇಗೆ? ‘ಸರ್, ತಣ್ಣಗಾಗಿದೆ, ಬಿಸೀದು ತರ್ತೀನಿ’ ಎಂದೇ ಕಸಿಯಬೇಕು.

ಅನುಭವಸ್ಥರು ಗಾಜಿನ ಲೋಟದ ತಂಟೆಗೇ ಹೋಗುವುದಿಲ್ಲ, ಒಳಗಿನ ಮಟ್ಟ ಕಾಣಿಸಿ ಮಾನ ಕಳೆಯುತ್ತದೆ. ಸ್ಟೀಲ್ ಲೋಟ ಮಟ್ಟವನ್ನೇನೋ ಮುಚ್ಚುತ್ತದೆ, ಬದಲಿಗೆ ಹೊಟ್ಟೆಯ ಮೇಲೆ ಲೈಟನ್ನೂ ಕ್ಯಾಮೆರಾಮನ್ನರನ್ನೂ ತೋರಿಸುತ್ತದೆ. ಆಗ ಲೋಟವನ್ನೋ ಲೈಟನ್ನೋ ತುಸು ಜರುಗಿಸಬೇಕು. ಖಾಲಿ ಲೋಟ ಕೊಟ್ಟರೆ ಕೈ ಹಗುರಾಗಿ ಏಳುತ್ತೆ, ಸುಳ್ಳು ಗೊತ್ತಾಗುತ್ತೆ. ಅರ್ಧ ನೀರು ಹಾಕಿ. ನೊರೆ ಕಾಣಲೇಬೇಕೆಂದರೆ ಫ್ಲಾಸ್ಕಿನಲ್ಲಿ ಅರ್ಧ ಲೀಟರ್ ಕಾಫಿ ಇಟ್ಟುಕೊಂಡು ಟೇಕಿಗೊಮ್ಮೆ ಎತ್ತಿ ಸುರಿಯಿರಿ. ‘ಕಟ್’ ಎಂದ ಕ್ಷಣವೇ, ಯಾರೂ ಮೇಲೇಳುವ ಮೊದಲು, ಮೊಬೈಲಿನಲ್ಲಿ ಫೋಟೊ ತೆಗೆದುಬಿಡಿ. ಲೋಟ, ಸೆರಗು, ಕರಿಮಣಿ ಒಳಗಿತ್ತೋ ಹೊರಗಿತ್ತೋ, ದೇವರ ಮುಂದಿನ ಊದುಬತ್ತಿಯ ಉದ್ದ, ಎಲ್ಲ.

‘ಯಾರು ಗಮನಿಸ್ತಾರೆ ಬಿಡಯ್ಯ’ ಎನ್ನುವ ಮ್ಯಾನೇಜರ್ ಎಲ್ಲ ಕಡೆಯೂ ಇದ್ದಾರೆ. ದೂರದ ಊರಿನಲ್ಲಿ, ಮಗನ ಕೆಲಸವೇನೆಂದು ಇನ್ನೂ ಸರಿಯಾಗಿ ಅರ್ಥವಾಗದ ಅಮ್ಮ ಗಮನಿಸುತ್ತಾಳೆ. ಒಲೆ ಆರಿಸಿ ಬಂದು, ಟೀವಿಗೆ ಹತ್ತಿರ ಕೂತು, ಫೋನ್ ಮಾಡುತ್ತಾಳೆ: ‘ಅಲ್ವೋ, ಲೋಟ ಎಡಗೈಗೆ ಬಂತಲ್ಲ. ಊಟ ಆಯ್ತಾ?’

ಆಗಿರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿಗೆ ನಾಳಿನ ಸೀನ್ ಪೇಪರ್ ಬಂದು ಬೀಳುತ್ತದೆ. ಹಬ್ಬದ ದಿನ, ಬಾಳೆಲೆ ಊಟ, ಹನ್ನೊಂದು ಜನ. ಮಾವನವರು ಪಾಯಸ ಸವಿಯುತ್ತಾ ಮಾತು ಶುರುಮಾಡುತ್ತಾರೆ.