ಸಿಕ್ಸ್ ಸೆವೆನ್ ಅಂದ್ರೆ ಎಂತದೋ ತಮಾ?

ಶಿರಸಿಯ ನಮ್ಮ ಮನೆ ಜಗಲಿಯಲ್ಲಿ ಅಪ್ಪ ಕವಳಕ್ಕೆ ಕೂತಿದ್ದರು. ಅಟ್ಟದಲ್ಲಿ ಚಾಲಿ ಅಡಿಕೆ ಮೂಟೆ ಎಷ್ಟಿವೆ ಎಂದು ಎಣಿಸಲು ಮೊಮ್ಮಗನನ್ನು ಕಳಿಸಿದ್ದರು. ಹುಡುಗ ಮೇಲಿನಿಂದಲೇ ಕೂಗಿದ: "ಸಿಕ್ಸ್ ಸೆವೆನ್!"

"ಆರೋ ಏಳೋ, ಸರಿಯಾಗಿ ಎಣಿಸು ಮಾರಾಯಾ."

"ಸಿಕ್ಸ್ ಸೆವೆನ್!"

ಅಪ್ಪ ಸುಣ್ಣ ಹಚ್ಚಿದ ಎಲೆಯನ್ನು ಹಾಗೇ ಬಿಟ್ಟು, ಮಂಡಿನೋವಿನ ಕಾಲಲ್ಲಿ ಅಟ್ಟ ಹತ್ತಿದರು. ಮೂಟೆ ಒಂಬತ್ತಿದ್ದವು. ಮೊಮ್ಮಗ ಎರಡೂ ಅಂಗೈ ಮೇಲೆ ಮಾಡಿ, ತಕ್ಕಡಿ ತೂಗಿದ ಹಾಗೆ ಒಂದನ್ನು ಏರಿಸಿ ಒಂದನ್ನು ಇಳಿಸುತ್ತಾ ನಿಂತಿದ್ದ.

"ಅದ್ಕೆ ಅರ್ಥ ಎಂತದೋ ತಮಾ?"

"ಎಂತದೂ ಇಲ್ಲೆ ಅಜ್ಜ."

"ಎಂತದೂ ಇಲ್ಲೆ ಅಂದ್ರೆ ಎಂತಕ್ಕೆ ಹೇಳ್ತೆ?"

"ಎಂತದೂ ಇಲ್ದೇ ಇದ್ದಿದ್ದಕ್ಕೇ ಹೇಳದು."

ಅಪ್ಪನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ವಿಷಯ ನಮ್ಮ ಮನೆಗೇ ಮುಗಿಯಲಿಲ್ಲ. ಮಗನ ಶಾಲೆಯಲ್ಲಿ ಮೇಷ್ಟ್ರು "67ನೇ ಪುಟ ತೆಗೆಯಿರಿ" ಅಂದದ್ದೇ ತಡ, ಇಡೀ ತರಗತಿ ಅಂಗೈ ತೂಗಿ ಹುಯ್ಯಲೆಬ್ಬಿಸಿತಂತೆ. ಪಾಲಕರ ಸಭೆ ಕರೆದರು. ಒಂದೂವರೆ ತಾಸು ನಡೆಯಿತು. ಒಬ್ಬರು ಇದು ಮಾದಕ ವಸ್ತುವಿನ ಗುಪ್ತ ಸಂಕೇತ ಅಂದರು. ಇನ್ನೊಬ್ಬರು ಪರದೇಶದ ಪಿತೂರಿ ಅಂದರು. ಹಿಂದಿನ ಬೆಂಚಿನ ಹಿರಿಯರೊಬ್ಬರು ತೂಕಡಿಕೆಯಿಂದ ಎದ್ದು, "ಎಂತಾ, ರಾಶಿ ಅಡಿಕೆ ಕ್ವಿಂಟಲ್‌ಗೆ 67 ಸಾವಿರ ಆತನಾ?" ಅಂತ ಕೇಳಿದರು. ಸಭೆಯಲ್ಲಿ ಅರ್ಥ ಇದ್ದ ಮಾತು ಅದೊಂದೇ. ಕೊನೆಗೆ 67ನೇ ಪುಟವನ್ನು ಮನೆಯಲ್ಲೇ ಓದಿಸುವುದೆಂದು ತೀರ್ಮಾನವಾಯಿತು.

ನಾನೂ ಹುಡುಕಿದೆ. ಅಮೆರಿಕದ ಒಂದು ರ್‍ಯಾಪ್ ಹಾಡಲ್ಲಿ ಹುಟ್ಟಿದ್ದಂತೆ. ಆಮೇಲೆ 6 ಅಡಿ 7 ಇಂಚು ಎತ್ತರದ ಬಾಸ್ಕೆಟ್‌ಬಾಲ್ ಆಟಗಾರನ ವಿಡಿಯೋಗಳಿಗೆ ಅಂಟಿಕೊಂಡು ಎಲ್ಲ ಕಡೆ ಹಬ್ಬಿತಂತೆ. 2025ರಲ್ಲಿ ಡಿಕ್ಷನರಿ ಡಾಟ್ ಕಾಮ್ ಅದನ್ನೇ ವರ್ಷದ ಪದ ಅಂತ ಆರಿಸಿತು. ಅರ್ಥ ಹೇಳುವುದೇ ಕಸುಬಾದವರು ಅರ್ಥ ಇಲ್ಲದ್ದಕ್ಕೆ ಹಾರ ಹಾಕಿದರು. ಅದರ ಹಿಂದಿನ ವರ್ಷ ಆಕ್ಸ್‌ಫರ್ಡ್‌ನವರು ಆರಿಸಿದ್ದು 'ಬ್ರೇನ್ ರಾಟ್'. ಮೊಬೈಲ್ ನೋಡಿ ನೋಡಿ ಮಿದುಳು ಕೊಳೆಯುವುದು ಅಂತ ಅಪ್ಪನಿಗೆ ಬಿಡಿಸಿ ಹೇಳಿದೆ. ಅವರ ಮುಖ ಅರಳಿತು.

"ಅಡಿಕೆಗೆ ಬಪ್ಪ ಕೊಳೆರೋಗವಾ? ಮೊದಲೇ ಹೇಳೂಕಾಗ್ತಿತ್ತಿಲ್ಯಾ? ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೂರು ಲೀಟರ್ ನೀರು. ಮಳೆ ಹಿಡಿಯೋ ಮೊದಲು ಒಂದ್ಸಲ, ಮಳೆಗಾಲದ ಮಧ್ಯೆ ಮತ್ತೊಂದ್ಸಲ ಹೊಡೆದ್ರೆ ಆತು."

ಮೊಮ್ಮಗ ಎರಡು ದಿನ ಅಜ್ಜನ ಹತ್ತಿರ ಸುಳಿಯಲಿಲ್ಲ.

ನನಗೆ ನಗು ಬಂದದ್ದು ಬೇರೆ ಕಾರಣಕ್ಕೆ. ಅರ್ಥ ಇಲ್ಲದ ಮಾತು ಅಂದ್ರೆ ನಮಗೆ ಇಷ್ಟು ಸಿಟ್ಟು ಅಂತ ನನಗೆ ಗೊತ್ತೇ ಇರಲಿಲ್ಲ. ಹುಬ್ಬಳ್ಳಿ-ಅಂಕೋಲಾ ರೈಲು 1990ರ ದಶಕದ ಕೊನೆಗೇ ಮಂಜೂರಾದದ್ದು. ಅವತ್ತಿಂದ 'ಶೀಘ್ರದಲ್ಲೇ' ಅನ್ನುವ ಪದ ಕೇಳುತ್ತಿದ್ದೇವೆ. ಅದರ ಅರ್ಥ ಏನು ಅಂತ ಯಾರಾದರೂ ಸಭೆ ಕರೆದದ್ದುಂಟಾ? ಕಾರವಾರದಿಂದ ಭಟ್ಕಳದವರೆಗೆ ಜನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಕೂಗಿ ಗಂಟಲು ಹರಿದುಕೊಂಡರು. 'ಪರಿಶೀಲನೆಯಲ್ಲಿದೆ' ಅಂದರು. ತಲೆ ಆಡಿಸಿ, ರೋಗಿಯನ್ನು ಆಂಬುಲೆನ್ಸಲ್ಲಿ ಹಾಕಿಕೊಂಡು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಹೊರಟೆವು. ದಾರಿಯಲ್ಲಿ ಯಾರೂ ನಿಘಂಟು ತೆಗೆದು ನೋಡಲಿಲ್ಲ. ಹುಡುಗರು ಪಾಪ, ಅರ್ಥ ಇಲ್ಲ ಅಂತ ಮೊದಲೇ ಒಪ್ಪಿಕೊಳ್ಳುತ್ತಾರೆ.

ಮೊನ್ನೆ ಸಂಜೆ ಪಕ್ಕದ ಮನೆ ಭಾವ ಪೇಪರ್ ಹಿಡಿದುಕೊಂಡು ಜಗಲಿ ಹತ್ತಿದರು. "ಅಂಕೋಲಾ ರೈಲು ಈ ಸಲ ಬತ್ತಡ ಮಾವಾ!"

ಅಪ್ಪನ ಬಾಯಲ್ಲಿ ಕವಳ ಇತ್ತು, ಮಾತಾಡುವ ಹಾಗಿರಲಿಲ್ಲ. ಸುಮ್ನೆ ಎರಡೂ ಅಂಗೈ ಮೇಲೆ ಮಾಡಿದರು. ಒಂದನ್ನು ನಿಧಾನಕ್ಕೆ ಏರಿಸಿದರು, ಇನ್ನೊಂದನ್ನು ಇಳಿಸಿದರು.

ಭಾವನಿಗೆ ತಕ್ಷಣ ಅರ್ಥವಾಯಿತು.

ಬಾಗಿಲಲ್ಲಿ ನಿಂತಿದ್ದ ಮೊಮ್ಮಗ ಮಾತ್ರ ಬೆಚ್ಚಿಬಿದ್ದ. ಅಜ್ಜನೇ ಮಾಡಿದ ಮೇಲೆ ಅದರ ಮಾನ ಹೋಯಿತಂತೆ. ಈಗ ನಮ್ಮ ಮನೆಯಲ್ಲಿ ಸಿಕ್ಸ್ ಸೆವೆನ್ ಅನ್ನುವವರು ಅಪ್ಪ ಒಬ್ಬರೇ.