ಒಂದು ಸೌಟು ಅಡ್ಡ ಬಂದರೆ

ಡಿಶ್‌ವಾಶರ್ ಬಗ್ಗೆ ನನ್ನ ಮೊದಲ ತಕರಾರು ಅದರ ಬಾಗಿಲಿನದು. ವಾಷಿಂಗ್ ಮೆಷಿನ್‌ಗೆ ಗಾಜಿನ ಕಿಟಕಿ ಇಟ್ಟಿದ್ದಾರೆ. ಬನಿಯನ್ನು, ಲುಂಗಿ ಗಿರಗಿರ ಸುತ್ತುವುದನ್ನು ಯಾರು ಯಾಕೆ ನೋಡಬೇಕೋ ದೇವರೇ ಬಲ್ಲ. ಓವನ್‌ಗೂ ಗಾಜಿದೆ. ಪಾತ್ರೆ ತೊಳೆಯುವ ಯಂತ್ರಕ್ಕೆ ಮಾತ್ರ ಗಟ್ಟಿ ಸ್ಟೀಲ್ ಬಾಗಿಲು. ಒಳಗೆ ಎರಡು ಗಂಟೆ ಏನೋ ಗುಳುಗುಳು ಸದ್ದು. ತೆಗೆದಾಗ ಪಾತ್ರೆ ಫಳಫಳ ಅಂದರೆ ಹೊಗಳಿಕೆಯೆಲ್ಲ ಯಂತ್ರಕ್ಕೆ. ಲೋಟದ ತಳದಲ್ಲಿ ಕರಿಬೇವಿನ ಎಲೆ ಅಂಟಿಕೊಂಡಿದ್ದರೆ ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಬೇಕು. ಸಾಕ್ಷಿ ಹೇಳುವವರು ಯಾರೂ ಇಲ್ಲ.

ಬೆಂಗಳೂರಿನ ನಮ್ಮ ಮನೆಗೆ ಅದು ಬಂದದ್ದು 2020ರಲ್ಲಿ. ಲಾಕ್‌ಡೌನ್ ಅಂತ ಕೆಲಸದವರು ಬರುವ ಹಾಗಿರಲಿಲ್ಲ. ಸಿಂಕಿನ ಮುಂದೆ ನಿಂತು ನಿಂತು ಸೊಂಟ ಹಿಡಿದ ಎಷ್ಟೋ ಮನೆಯವರು ಆಗಲೇ ಇದರ ಗಿರಾಕಿಗಳಾದರು. ಜೋಡಿಸಿಕೊಡಲು ಬಂದ ಹುಡುಗ ಮಾಸ್ಕ್ ಹಾಕಿಕೊಂಡೇ ಒಂದು ಉದ್ದ ಪಾಠ ಮಾಡಿದ. ಪುಡಿ ಇಲ್ಲಿ, ಹೊಳಪಿನ ದ್ರಾವಣ ಅಲ್ಲಿ, ಉಪ್ಪು ತಳದಲ್ಲಿ.

"ಉಪ್ಪೂ ಹಾಕ್ಬೇಕಾ? ಒಗ್ಗರಣೆ ಯಾವಾಗ?" ಅಂದರು ಅಮ್ಮ.

ಉಪ್ಪಿಗೆ ಕಾರಣವಿದೆ. ನಮ್ಮ ಬೋರ್‌ವೆಲ್ ನೀರು ಗಡಸು. ಅದನ್ನು ಮೆದು ಮಾಡುವ ರಾಳದ ಹರಳುಗಳು ಯಂತ್ರದೊಳಗಿವೆ. ಅವು ಸುಣ್ಣ ಹಿಡಿದು ಹಿಡಿದು ದಣಿದಾಗ ಮತ್ತೆ ಕೆಲಸಕ್ಕೆ ಹಚ್ಚುವುದು ಈ ಉಪ್ಪು. ಹುಡುಗ ಇದನ್ನೆಲ್ಲ ಚೆನ್ನಾಗಿಯೇ ಹೇಳಿದ. ಕೊನೆಗೆ ಒಳಗೆ ಕೈ ಹಾಕಿ, ಎರಡು ಪ್ಲಾಸ್ಟಿಕ್ ಪಟ್ಟಿಗಳನ್ನು ತೋರಿಸಿ ಇನ್ನೂ ಏನೋ ಹೇಳಿದ. ಅದೇ ಹೊತ್ತಿಗೆ ಕುಕ್ಕರ್ ಕೂಗಿತು. ಎಲ್ಲರೂ ವಿಸಿಲ್ ಎಣಿಸುತ್ತಿದ್ದೆವು. ಆತ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ಪಾತ್ರೆ ಜೋಡಿಸುವುದರಲ್ಲಿ ನಮ್ಮ ಮನೆಯಲ್ಲಿ ಮೂರು ಪಂಥ. ಅಮ್ಮ ಬಟ್ಟಲೊಳಗೆ ಬಟ್ಟಲು, ಪಾತ್ರೆಯೊಳಗೆ ಪಾತ್ರೆ ಇಡುತ್ತಾರೆ. "ಜಾಗ ಉಳಿಯುತ್ತೆ ಅಲ್ವಾ?" ಹೆಂಡತಿ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸುತ್ತಾಳೆ, ಶಾಲೆಯ ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸಿದ ಹಾಗೆ. ಮಗ ಬಾಗಿಲು ತೆಗೆದು, ಕೈಯಲ್ಲಿದ್ದದ್ದನ್ನು ಒಳಗೆ ಬಿಟ್ಟು, ಕಾಲಲ್ಲಿ ಬಾಗಿಲು ಮುಚ್ಚುತ್ತಾನೆ. ಈ ಮೂರೂ ಪದ್ಧತಿಗಳು ಒಂದೇ ರಾತ್ರಿ ಒಂದೇ ಟ್ರೇಯಲ್ಲಿ ಸೇರುತ್ತಿದ್ದವು.

ಸ್ವಲ್ಪ ಕಾಲ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ವಿಚಿತ್ರ ಶುರುವಾಯಿತು. ಕೆಳಗಿನ ಟ್ರೇಯಲ್ಲಿ ಒಂದು ತಟ್ಟೆ ಕನ್ನಡಿ ಆಗಿರುತ್ತಿತ್ತು. ಅದರ ಪಕ್ಕದ ತಟ್ಟೆಯಲ್ಲಿ ಸಾಂಬಾರಿನ ಗೆರೆ ಒಣಗಿ ಕೂತಿರುತ್ತಿತ್ತು, ಉಗುರಲ್ಲಿ ಕೆರೆದರೂ ಬರದಷ್ಟು. ಅದೇ ಪುಡಿ, ಅದೇ ನೀರು, ಅದೇ ಎರಡು ಗಂಟೆ. ಎರಡರ ನಡುವೆ ಒಂದು ಬೆರಳಿನ ಅಂತರ.

ಹೆಂಡತಿ ಪುಡಿಯನ್ನು ಅನುಮಾನಿಸಿದಳು. ಪುಡಿ ಬಿಟ್ಟು ಮಾತ್ರೆ ಬಂತು. ಮಾತ್ರೆಯ ರೇಟು ನೋಡಿ ಮತ್ತೆ ಪುಡಿ ಬಂತು. ಅಮ್ಮನಿಗೆ ಬೋರ್ ನೀರಿನ ಮೇಲೆ ಸಿಟ್ಟು. ನಾನು ಬಿಸಿಯ ಪಕ್ಷ. ನಮ್ಮ ದೇಶಕ್ಕೆ ಬರುವ ಕೆಲವು ಮಾಡೆಲ್‌ಗಳಲ್ಲಿ ಕಡಾಯಿಗೆಂದೇ ಒಂದು ಪ್ರೋಗ್ರಾಂ ಇರುತ್ತದೆ, ನೀರು 70 ಡಿಗ್ರಿ ತನಕ ಕಾಯುತ್ತದೆ. ಅದನ್ನೂ ಹಾಕಿದ್ದಾಯಿತು. ಸಾಂಬಾರಿನ ಗೆರೆ ಇನ್ನಷ್ಟು ಗಟ್ಟಿಯಾಗಿ ಬೆಂದಿತು. ಎದುರು ಮನೆಯ ಆಂಟಿ, "ಅರ್ಧ ಹೋಳು ನಿಂಬೆಹಣ್ಣು ಇಡಿ, ವಾಸನೆ ಹೋಗುತ್ತೆ, ಹೊಳಪೂ ಬರುತ್ತೆ" ಅಂದರು. ಅಮ್ಮ ಶ್ರದ್ಧೆಯಿಂದ ಇಟ್ಟರು. ಒಳ್ಳೆಯ ವಾಸನೆ ಬಂತು. ಗೆರೆ ಹಾಗೇ ಇತ್ತು, ಈಗ ನಿಂಬೆ ವಾಸನೆಯ ಗೆರೆ. ಅದೂ ಸಾಲದು ಅಂತ ಮೇಲಿನ ಟ್ರೇಯ ಲೋಟಗಳೂ ಕೈ ಕೊಟ್ಟವು.

ಪುಡಿ ಮುಗಿದ ಒಂದು ಭಾನುವಾರ ಮಗ ಸಿಂಕಿನ ಪಕ್ಕದಲ್ಲಿದ್ದ ಪಾತ್ರೆ ತೊಳೆಯುವ ಲಿಕ್ವಿಡ್ ಸುರಿದ. ಅದು ಕೈಯಲ್ಲಿ ಉಜ್ಜುವವರಿಗೆ ಮಾಡಿದ್ದು, ನೊರೆಯೇ ಅದರ ಸಂಭ್ರಮ. ಯಂತ್ರಕ್ಕೆ ನೊರೆ ಆಗುವುದಿಲ್ಲ. ಪಂಪಿಗೆ ನೀರು ಸಿಗುವ ಬದಲು ಗಾಳಿ ತುಂಬಿದ ನೊರೆ ಸಿಗುತ್ತದೆ, ಒತ್ತಡ ಬೀಳುತ್ತದೆ, ಒಳಗೆ ಚಿಮ್ಮುವುದೇ ನಿಲ್ಲುತ್ತದೆ. ಬಾಗಿಲಿನ ಸಂದಿಯಿಂದ ನೊರೆ ಮೆಲ್ಲಗೆ ಇಳಿದು ಫ್ರಿಜ್ಜಿನ ತನಕ ಹೋಯಿತು. "ಪಾತ್ರೆ ಹೋಗ್ಲಿ ಬಿಡು, ನೆಲ ಆದ್ರೂ ತೊಳೀತಲ್ಲ" ಅಂದರು ಅಮ್ಮ.

ಕೊನೆಗೆ ಕಂಪನಿಯ ಹುಡುಗನನ್ನು ಕರೆಸಿದೆವು. ಈ ಸಲ ಬೇರೆಯವನು. ದೊಡ್ಡ ಬ್ಯಾಗು, ಅದರ ತುಂಬ ಸ್ಪ್ಯಾನರು, ಸ್ಕ್ರೂಡ್ರೈವರು. ಬ್ಯಾಗನ್ನು ಬಿಚ್ಚಲೇ ಇಲ್ಲ. ಬಾಗಿಲು ತೆಗೆದ, ಬಗ್ಗಿ ನೋಡಿದ, ತಳದಲ್ಲಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ತೋರುಬೆರಳಲ್ಲಿ ಮೆಲ್ಲಗೆ ತಳ್ಳಿದ. ಅದು ಕಾಲು ಸುತ್ತು ಬಂದು "ಟಕ್" ಅಂತ ನಿಂತಿತು. ಚಮಚದ ಬುಟ್ಟಿಯ ಸಂದಿಯಿಂದ ಸೌಟಿನ ಹಿಡಿ ಕೆಳಗಿಳಿದು ಅಡ್ಡ ನಿಂತಿತ್ತು.

"ಸಾರ್, ಇದು ತಿರುಗ್ಬೇಕು."

"ಅಷ್ಟೇನಾ?" ಅಂದರು ಅಮ್ಮ.

"ಅಷ್ಟೇ ಅಮ್ಮ."

ವಿಸಿಟಿಂಗ್ ಚಾರ್ಜು ಕೊಟ್ಟೆವು. ಒಂದು ಬೆರಳಿನ ತುದಿಗೆ ಅಷ್ಟು ಬೆಲೆ ಇದೆ ಅಂತ ಅವತ್ತೇ ಗೊತ್ತಾದದ್ದು. ಹುಡುಗ ಒಳ್ಳೆಯವನು, ಕೊಟ್ಟ ದುಡ್ಡಿಗೆ ನ್ಯಾಯ ಆಗಲಿ ಅಂತ ಮೇಲಿನ ಟ್ರೇ ಅಡಿಯಲ್ಲಿದ್ದ ಇನ್ನೊಂದು ಪಟ್ಟಿಯನ್ನೂ ಬಿಚ್ಚಿ ಸಿಂಕಿನ ಮೇಲೆ ಹಿಡಿದು ಅಲ್ಲಾಡಿಸಿದ. ಒಳಗೆ ಗಲಗಲ ಅಂದಿತು. ಒಂದೊಂದೇ ಹೊರಗೆ ಬಂದವು: ಜಾಮ್ ಬಾಟಲಿಯ ಲೇಬಲ್ಲಿನ ಚೂರು, ಕರಿಬೇವಿನ ಕಡ್ಡಿ, ಮತ್ತೆ ನಿಂಬೆ ಬೀಜಗಳು. ಒಂದು ಬೀಜವಂತೂ ತುದಿಯ ತೂತಿಗೆ ಅಳತೆ ಕೊಟ್ಟು ಮಾಡಿಸಿದಷ್ಟು ಸರಿಯಾಗಿ ಕೂತಿತ್ತು. ಟೂತ್‌ಪಿಕ್ ಹಾಕಿ ಎಬ್ಬಿಸಬೇಕಾಯಿತು. ಎದುರು ಮನೆಯ ಆಂಟಿಗೆ ನಾವು ಏನೂ ಹೇಳಲಿಲ್ಲ. ಹಬ್ಬಕ್ಕೆ ಚಿರೋಟಿ ಕಳಿಸುವ ಮನೆ ಅದು.

ನನಗೆ ಆಶ್ಚರ್ಯವಾದದ್ದು ಬೇರೆ ವಿಷಯ. ಸುತ್ತುವ ಆ ಪಟ್ಟಿಗೆ ತೋಳು ಅನ್ನುತ್ತಾರೆ, ಆ ತೋಳಿಗೆ ಮೋಟರ್ ಇಲ್ಲವಂತೆ. ಸಾವಿರಾರು ರೂಪಾಯಿ ಕೊಟ್ಟ ಯಂತ್ರದಲ್ಲಿ ಅಸಲಿ ಕೆಲಸ ಮಾಡುವ ಅಂಗ ಒಂದು ಟೊಳ್ಳು ಪ್ಲಾಸ್ಟಿಕ್ ಪಟ್ಟಿ. ತಳದ ಪಂಪು ಅದರೊಳಕ್ಕೆ ನೀರು ನುಗ್ಗಿಸುತ್ತದೆ. ನೀರು ತೂತುಗಳಿಂದ ಚಿಮ್ಮುತ್ತದೆ. ಕೆಲವು ತೂತುಗಳನ್ನು ಬೇಕೆಂದೇ ಓರೆಯಾಗಿ ಕೊರೆದಿರುತ್ತಾರೆ. ನೀರು ಒಂದು ಕಡೆ ಚಿಮ್ಮಿದರೆ ತೋಳು ಇನ್ನೊಂದು ಕಡೆ ಸರಿಯುತ್ತದೆ, ಸರಿದು ಸರಿದು ಸುತ್ತುತ್ತದೆ. ತೋಳನ್ನು ತಿರುಗಿಸುವುದು ಆ ಒದೆತವೊಂದೇ. ಹಾಗಾಗಿ ಸೌಟಿನ ಹಿಡಿ ಸಾಕು, ನೆಟ್ಟಗೆ ನಿಂತ ದೋಸೆ ಮಗುಚುವ ಕೈ ಸಾಕು, ಅದು ಸುಮ್ನೆ ನಿಂತುಬಿಡುತ್ತದೆ. ಓರೆ ತೂತಿಗೆ ನಿಂಬೆ ಬೀಜ ಕೂತರೂ ಅದೇ ಕಥೆ. ನಿಂತ ಮೇಲೆ ಪ್ರತಿ ತೂತೂ ಎರಡು ಗಂಟೆ ಒಂದೇ ಜಾಗಕ್ಕೆ ಹೊಡೆಯುತ್ತದೆ. ಒಂದು ತಟ್ಟೆ ಕನ್ನಡಿಯಾಗಿ, ಪಕ್ಕದ್ದು ಸಾಂಬಾರಾಗಿ ಉಳಿದದ್ದು ಹೀಗೆ.

ಒಗೆಯುವುದು ತೊಳೆಯುವುದಕ್ಕೆಲ್ಲ ನಾಲ್ಕು ಸಂಗತಿ ಬೇಕು ಅಂತ ಜರ್ಮನಿಯ ಹರ್ಬರ್ಟ್ ಸಿನ್ನರ್ 1959ರಲ್ಲೇ ಚಿತ್ರ ಬರೆದು ತೋರಿಸಿದ್ದಾರೆ. ಸೋಪು, ಬಿಸಿ, ಸಮಯ ಮತ್ತು ತಿಕ್ಕುವ ಬಲ. ಒಂದು ಕಡಿಮೆಯಾದರೆ ಉಳಿದವು ಜಾಸ್ತಿಯಾಗಬೇಕು. ನಮ್ಮ ಮನೆಯ ಜಗಳವೆಲ್ಲ ಮೊದಲ ಮೂರರ ಮೇಲೇ ನಡೆದಿತ್ತು. ಡಿಶ್‌ವಾಶರ್‌ನಲ್ಲಿ ತೆಂಗಿನ ನಾರಿಲ್ಲ, ಸ್ಕ್ರಬ್ಬರಿಲ್ಲ. ತಿಕ್ಕುವ ಬಲವೆಂದರೆ ಆ ತೋಳಿನ ನೀರು ಮಾತ್ರ. ಅದು ತಗಲದ ಕಡೆ 70 ಡಿಗ್ರಿ ಇದ್ದರೆಷ್ಟು, ಬಿಟ್ಟರೆಷ್ಟು.

ಈ ನೀರು ಹೊಡೆಯುವ ಉಪಾಯ ಹಳೆಯದು. 1850ರಲ್ಲಿ ಅಮೆರಿಕದ ಜೋಯಲ್ ಹಾಟನ್ ಕೈಯಲ್ಲಿ ತಿರುಗಿಸುವ ಮರದ ಯಂತ್ರಕ್ಕೆ ಪೇಟೆಂಟ್ ಪಡೆದ. ಅದು ಪಾತ್ರೆಗೆ ನೀರು ಎರಚುತ್ತಿತ್ತು, ಅಷ್ಟೇ. ಇಲಿನಾಯ್‌ನ ಶೆಲ್ಬಿವಿಲ್‌ನಲ್ಲಿದ್ದ ಜೋಸೆಫೀನ್ ಕಾಕ್ರನ್ ಬಂದ ಮೇಲೆ ವಿಷಯ ಕುದುರಿತು. ಆಕೆಯ ಒಳ್ಳೊಳ್ಳೆ ಪಿಂಗಾಣಿ ತಟ್ಟೆಗಳ ಅಂಚನ್ನು ಕೆಲಸದವರು ತೊಳೆಯುವಾಗ ಒಡೆಯುತ್ತಿದ್ದರಂತೆ. ತಂತಿಯ ಗೂಡುಗಳಲ್ಲಿ ತಟ್ಟೆ ನಿಲ್ಲಿಸಿ, ಒತ್ತಡದಿಂದ ಸೋಪು ನೀರು ಹೊಡೆಯುವ ಯಂತ್ರ ಮಾಡಿ 1886ರಲ್ಲಿ ಪೇಟೆಂಟ್ ಪಡೆದರು. 1893ರ ಶಿಕಾಗೋ ವಿಶ್ವಮೇಳದಲ್ಲಿ ಅದರ ಪ್ರದರ್ಶನವೂ ನಡೆಯಿತು. ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ಆ ಮೇಳದ್ದೇ ಅಂಗ. ಸುತ್ತುವ ಸಿಂಪಡಿಕೆ ಇರುವ, ಮುಂದೆ ಬಾಗಿಲಿರುವ ಮನೆಬಳಕೆಯ ಮಾದರಿಯನ್ನು 1924ರಲ್ಲಿ ಮಾಡಿದವರು ಇಂಗ್ಲೆಂಡಿನ ವಿಲಿಯಂ ಲಿವೆನ್ಸ್. ಮೊದಲ ಮಹಾಯುದ್ಧದಲ್ಲಿ ಶತ್ರುಗಳ ಮೇಲೆ ವಿಷಾನಿಲದ ಡಬ್ಬಿ ಎಸೆಯುವ ಆಯುಧ ಮಾಡಿದವರೂ ಇವರೇ. ಇದನ್ನು ಹೇಳಿದಾಗ ನನ್ನ ಹೆಂಡತಿ, "ಯುದ್ಧ ಮುಗಿದ ಮೇಲೆ ಅವರ ಹೆಂಡ್ತಿ ಪಾತ್ರೆ ತೋರಿಸಿರ್ಬೇಕು" ಅಂದಳು. ಇತಿಹಾಸದಲ್ಲಿ ಇದಕ್ಕೆ ಆಧಾರವಿಲ್ಲ. ನಮ್ಮ ಮನೆಯಲ್ಲಿ ಇದೆ.

ಇಷ್ಟೆಲ್ಲ ಆದ ಮೇಲೆ ಭಾವ ಬಂದರು. ಭಾವ ಮೆಕ್ಯಾನಿಕಲ್ ಇಂಜಿನಿಯರ್. ಊಟ ಮುಗಿಸಿ, ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಮೂಲ ದೋಷ ಹೇಳಿದರು. "ನೋಡು, ತೋಳು ಸುತ್ತೋದು ವೃತ್ತದಲ್ಲಿ. ಡಬ್ಬಿ ಇರೋದು ಚೌಕ." ಲೆಕ್ಕ ಸರಿ. ಚೌಕದೊಳಗೆ ಹಿಡಿಸುವ ದೊಡ್ಡ ವೃತ್ತ ಬರೆದರೂ ಅದು ನೂರರಲ್ಲಿ ಸುಮಾರು 78.5 ಭಾಗವನ್ನಷ್ಟೇ ಮುಚ್ಚುತ್ತದೆ. ನೂರರಲ್ಲಿ ಉಳಿದ 21.5 ಭಾಗ ಮೂಲೆಗಳದ್ದು. ಓರೆಯಾಗಿ ಚಿಮ್ಮುವ ನೀರು ಅಲ್ಲಿಗೂ ಸ್ವಲ್ಪ ತಲುಪುತ್ತದೆ, ಆದರೆ ಮೂಲೆಯಲ್ಲಿ ಕೂತವರಿಗೆ ಊಟದ ಪಂಕ್ತಿಯಲ್ಲೂ ಪಾಯಸ ಕಡಿಮೆಯೇ. ಇದಕ್ಕೆ ಕಂಪನಿಗಳು ನಾನಾ ಉಪಾಯ ಮಾಡಿವೆ. ಎಲೆಕ್ಟ್ರೋಲಕ್ಸ್‌ನವರು ದೊಡ್ಡ ತೋಳಿನ ತುದಿಗೆ ತಾನೂ ಸುತ್ತುವ ಇನ್ನೊಂದು ಪುಟ್ಟ ತೋಳು ಸಿಕ್ಕಿಸಿದರು. ಸ್ಯಾಮ್‌ಸಂಗ್‌ನವರು ಕೆಲವು ಮಾಡೆಲ್‌ಗಳಲ್ಲಿ ಕೆಳಗಿನ ತೋಳನ್ನೇ ಬಿಟ್ಟು, ಹಿಂದಕ್ಕೂ ಮುಂದಕ್ಕೂ ಓಡಾಡುವ ಪಟ್ಟಿಯಿಂದ ನೀರಿನ ಗೋಡೆ ಎಬ್ಬಿಸಿದರು.

"ನಮ್ಮದಕ್ಕೆ ಇನ್ನೊಂದು ನಾಲ್ಕು ತೂತು ಹೊಡೆದ್ರೆ ಆಯ್ತಪ್ಪ. ಡ್ರಿಲ್ ಇದ್ಯಾ?" ಅಂದರು ಭಾವ.

ಅಮ್ಮ ಬಾಲ್ಕನಿಯಲ್ಲಿ ದಾಸವಾಳಕ್ಕೆ ನೀರು ಬಿಡುತ್ತಿದ್ದರು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರು. ನೀರು ಮೂಲೆಯ ತುಳಸಿಯವರೆಗೆ ಹಾರಿತು. ಬೆರಳು ತೆಗೆದರು. ನೀರು ಅವರ ಕಾಲ ಮೇಲೇ ಬಿತ್ತು. "ಬಾಯಿ ದೊಡ್ಡದು ಮಾಡಿದ್ರೆ ಜೋರು ಹೋಗುತ್ತೆ ಅಲ್ವಾ?" ಅಂದರು. ಭಾವ ಡ್ರಿಲ್ ವಿಷಯ ಬಿಟ್ಟರು. ಅಮ್ಮ ತೋರಿಸಿದ್ದೇ ಸರಿ. ಪಂಪಿನ ಶಕ್ತಿ ಅಷ್ಟೇ ಇದ್ದಾಗ ತೂತು ಜಾಸ್ತಿಯಾದರೆ ಒಂದೊಂದು ತೂತಿನ ಹೊಡೆತ ಮೆತ್ತಗಾಗುತ್ತದೆ. ಈಗಿನ ಎಷ್ಟೋ ಯಂತ್ರಗಳು ಒಂದು ಬಾರಿಗೆ ಬಳಸುವುದು ಹತ್ತು ಲೀಟರಿನ ಆಸುಪಾಸು ನೀರು. ಅದನ್ನೇ ಸೋಸಿ ಸೋಸಿ ಮತ್ತೆ ಹೊಡೆಯುತ್ತವೆ. ಅಷ್ಟರಲ್ಲಿ ಎಲ್ಲ ತೋಳಿಗೂ ಒಟ್ಟಿಗೆ ಹಂಚಿದರೆ ಸಾಲುವುದಿಲ್ಲ ಅಂತ ಕೆಲವು ಯಂತ್ರಗಳು ಸ್ವಲ್ಪ ಹೊತ್ತು ಕೆಳಗಿನ ತೋಳಿಗೆ, ಸ್ವಲ್ಪ ಹೊತ್ತು ಮೇಲಿನದಕ್ಕೆ ನೀರು ಬಿಡುತ್ತವೆ. ನಮ್ಮ ಏರಿಯಾದ ವಾಲ್ವ್‌ಮ್ಯಾನ್ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಮ್ಮನ ಬಟ್ಟಲೊಳಗಿನ ಬಟ್ಟಲು ಪದ್ಧತಿ ಅಲ್ಲಿಗೆ ನಿಂತಿತು. ನೀರು ನೇರ ಹೋಗುತ್ತದೆ, ತಿರುವು ತೆಗೆದುಕೊಳ್ಳುವುದಿಲ್ಲ ಅಂತ ಅವರೇ ತೀರ್ಮಾನಿಸಿದರು. ಕಿರಿದು ಬಾಯಿಯ ತಂಬಿಗೆ ಮಾತ್ರ ಇನ್ನೂ ಸಿಂಕಿಗೇ. ದಿನಾ ರಾತ್ರಿ ಸ್ವಿಚ್ ಒತ್ತುವ ಮೊದಲು ಎರಡೂ ತೋಳುಗಳನ್ನು ಬೆರಳಲ್ಲಿ ತಿರುಗಿಸಿ ನೋಡುವುದು ಅವರದೇ ಅಧಿಕಾರ. ಬೇರೆ ಯಾರು ತಿರುಗಿಸಿದರೂ ಒಪ್ಪುವುದಿಲ್ಲ.

ಭಾವ ಸುಮ್ಮನಿರಲಿಲ್ಲ. ಪುಟ್ಟ ತೋಳು ಸಿಕ್ಕಿಸಿದ ಮಾಡೆಲ್ಲನ್ನೇ ಹುಡುಕಿ ಕೊಂಡರು. ಮೂಲೆಯ ತಟ್ಟೆಗಳ ಫೋಟೋ ದಿನಾ ಬರುತ್ತಿತ್ತು. ಒಂದು ರಾತ್ರಿ ಫೋಟೋ ಬರಲಿಲ್ಲ, ಫೋನೇ ಬಂತು. ಒಳಗೆ ಟಕ್ ಟಕ್ ಅಂತ ಸದ್ದಂತೆ. ಅಮ್ಮ ಫೋನ್ ಕಿತ್ತುಕೊಂಡರು.

"ನಿಲ್ಲಿಸಿ ಬಾಗಿಲು ತೆಗೀರಿ. ಯಾವ್ದಾದ್ರೂ ಸೌಟು ಕಾಲು ಚಾಚಿರುತ್ತೆ."

ಆ ಕಡೆ ಬಾಗಿಲು ತೆಗೆದ ಸದ್ದು, ಪಾತ್ರೆ ಸರಿಸಿದ ಸದ್ದು.

"ಸೌಟಲ್ಲ ಅತ್ತೆ. ಲಟ್ಟಣಿಗೆ."

"ಮರದ್ದಾ? ನಾನು ಮದುವೇಲಿ ಕೊಟ್ಟಿದ್ದಾ?"

ಮುಂದಿನ ಅರ್ಧ ಗಂಟೆಯ ಮಾತು ತೋಳಿನ ಬಗ್ಗೆ ಇರಲಿಲ್ಲ.