ಹೆಸರಿಗೊಂದು ಸಂಘ

ಸಂಘ ರಿಜಿಸ್ಟರ್ ಮಾಡಿಸಲು ಕನಿಷ್ಠ 7 ಜನ ಬೇಕು ಅಂತ ಕಾಯ್ದೆ ಹೇಳುತ್ತದೆ. ನಮ್ಮ ಬಡಾವಣೆಯಲ್ಲಿ ಏಳು ಜನ ಸುಲಭವಾಗಿ ಸಿಕ್ಕರು. ಆ ಏಳೂ ಜನ ಒಪ್ಪುವ ಒಂದು ಹೆಸರು ಮಾತ್ರ ಸಿಗಲಿಲ್ಲ.

ಮೊದಲ ಸಭೆ ನಮ್ಮ ಮನೆಯ ಟೆರೇಸಿನಲ್ಲಿ. "ಕಾವೇರಿ ಅಂತಿಡಿ" ಎಂದರು ಮೇಷ್ಟ್ರು. "ನಲ್ಲಿಯಲ್ಲಂತೂ ಬರ್ತಿಲ್ಲ, ಬೋರ್ಡಿನ ಮೇಲಾದರೂ ಬರಲಿ." ಎಲ್ಲರೂ ನಕ್ಕರು. ಇನ್ನೇನು ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಧಾರವಾಡದ ಕಡೆಯವರೊಬ್ಬರು, "ಅಲ್ರೀ, ನಮ್ಮ ಮಲಪ್ರಭಾ ಏನ್ ಪಾಪ ಮಾಡ್ಯಾಳ್ರೀ?" ಅಂದರು. ಶಿವಮೊಗ್ಗದ ಆಂಟಿ "ಗಂಗಾ ಸ್ನಾನ, ತುಂಗಾ ಪಾನ" ಎಂದು ಶುರುಮಾಡಿದರು. ತುಂಗೆ ಬಂದಮೇಲೆ ಭದ್ರೆಯನ್ನು ಬಿಡೋಕಾಗುತ್ತಾ? ಕೂಡಲಿಯಲ್ಲಿ ಅವೆರಡೂ ಯಾರನ್ನೂ ಕೇಳದೆ ಸೇರಿಕೊಂಡಿವೆ. ನಮ್ಮ ಟೆರೇಸಿನಲ್ಲಿ ಎರಡು ತಾಸಾದರೂ ಸೇರಲಿಲ್ಲ. ಬೋಂಡ ಖಾಲಿಯಾಯಿತು, ಸಭೆಯೂ ಮುಗಿಯಿತು.

ಮುಂದಿನ ವಾರ ನದಿ ಬಿಟ್ಟು ಹೂವಿಗೆ ಬಂದೆವು. 'ಸಂಪಿಗೆ' ಅಂದದ್ದೇ ತಡ, ಮೂಲೆಮನೆಯವರು ಎದ್ದು ನಿಂತರು. ಅವರ ಗೇಟಿನ ಮೇಲೂ ಅದೇ ಹೆಸರು. ನಾಳೆ ಜನ ಚರಂಡಿ ದೂರನ್ನೆಲ್ಲ ಅವರ ಮನೆಗೇ ತಂದರೆ?

ಇರಲಿ ಬಿಡಿ. 1956ರಲ್ಲಿ ಒಂದಾದ ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರಲ್ಲಿ. ಹದಿನೇಳು ವರ್ಷ! ಆ ಲೆಕ್ಕದಲ್ಲಿ ನಾವಿನ್ನೂ ತೊಟ್ಟಿಲು ಕೂಡ ಕಟ್ಟಿರಲಿಲ್ಲ.

ಆದರೆ ಗಣೇಶ ಕಾಯಬೇಕಲ್ಲ. ಚಂದಾ ರಸೀದಿ ಪುಸ್ತಕ ಅರ್ಜೆಂಟಾಗಿ ಬೇಕಿತ್ತು. ಕಾರ್ಯದರ್ಶಿ ನಾನೇ (ಅದೊಂದು ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ ಉಸಿರಿಗೆ ಒಪ್ಪಿದ್ದರು). ಚೀಟಿಯಲ್ಲಿ ವಿವರ ಬರೆದೆ. ಸಂಘದ ಹೆಸರಿನ ಜಾಗದಲ್ಲಿ 'ಮುಂದಿನ ಸಭೆಯಲ್ಲಿ ತೀರ್ಮಾನ' ಅಂತ ಗೀಚಿದೆ. ಆಮೇಲೆ ಫೋನ್ ಮಾಡಿ ಹೇಳಿದರಾಯಿತು ಅಂತ ಪ್ರೆಸ್ಸಿಗೆ ಕೊಟ್ಟುಬಂದೆ. ಫೋನ್ ಮಾಡೋದು ಮರೆತೇಹೋಯಿತು.

ಪುಸ್ತಕಗಳು ಬಂದವು. ಮೇಲೆ ಪುಟ್ಟ ಗಣಪತಿ. ಕೆಳಗೆ ಕೆಂಪು ದಪ್ಪ ಅಕ್ಷರದಲ್ಲಿ: 'ಮುಂದಿನ ಸಭೆಯಲ್ಲಿ ತೀರ್ಮಾನ ನಿವಾಸಿಗಳ ಸಂಘ'. ಹತ್ತು ಪುಸ್ತಕ, ಒಂದೊಂದರಲ್ಲೂ ನೂರು ಹಾಳೆ.

ಹಬ್ಬಕ್ಕೆ ನಾಲ್ಕೇ ದಿನ. ಅದನ್ನೇ ಹಿಡಿದು ಮನೆಮನೆ ತಿರುಗಿದೆವು. ಪುಣ್ಯಕ್ಕೆ ಯಾರೂ ಓದಲಿಲ್ಲ. ಹಿಂದಿನ ಬೀದಿಯ ಅಜ್ಜ ಒಬ್ಬರೇ ಕನ್ನಡಕ ಏರಿಸಿ, ಎರಡು ಸಲ ಓದಿ, ರಸೀದಿಯನ್ನು ನನ್ನ ಕೈಗೇ ವಾಪಸ್ ಕೊಟ್ಟರು.

"ಹಾಗಾದ್ರೆ ಚಂದಾನೂ ಆಗಲೇ ನೋಡೋಣ ಬಿಡಪ್ಪ."